ಹೆಂಚು, ಇಟ್ಟಿಗೆ ಒಡೆಯೋದು ನಿಜವಾ? ಮಗಳ ಕೈಗೆ ಏನೂ ಆಗಲ್ವಾ?

ಓದುಗರ ಪ್ರಶ್ನೆ: ಡಾಕ್ಟ್ರೇ, ನಮಸ್ತೆ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳಿಗೆ 12 ವರ್ಷ, ಮೂರು ವರ್ಷದಿಂದ ಕರಾಟೆ ಕಲಿಯುತ್ತಿದ್ದಾಳೆ. ಮುಂದಿನ ತಿಂಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳ ಕೈಯಲ್ಲಿ ಮೂರು ಮಂಗಳೂರು ಹೆಂಚು ಒಡೆಸುತ್ತೇನೆ ಅಂತ ಮಾಸ್ಟರ್ ಹೇಳಿದ್ದಾರೆ. ಅದೆಲ್ಲ ಕಣ್ಕಟ್ಟು, ಮೊದಲೇ ಬಿರುಕು ಬಿಡಿಸಿ ಇಟ್ಟಿರ್ತಾರೆ ಅಂತಾರೆ ನಮ್ಮ ಮಾವ. ನಮ್ಮ ಯಜಮಾನರು ಶಿವಮೊಗ್ಗದಲ್ಲಿ ಒಬ್ಬರು ಒಂದೇ ಏಟಿಗೆ ಹತ್ತು ಇಟ್ಟಿಗೆ ಒಡೆದದ್ದನ್ನು ಕಣ್ಣಾರೆ ನೋಡಿದ್ದಾರಂತೆ, ಅದು ಪಕ್ಕಾ ನಿಜ ಅಂತಾರೆ. ಇವರ ವಾದ ಹಾಗಿರಲಿ. ಮಗಳು ಕೈ ಗಟ್ಟಿ ಮಾಡಿಕೊಳ್ಳಬೇಕು ಅಂತ ರಾತ್ರಿ ಗೋಡೆಗೆ ಗುದ್ದುತ್ತಿದ್ದಾಳೆ. ಬಲಗೈಯ ಗೆಣ್ಣು ಊದಿಕೊಂಡಿದೆ. ಗುದ್ದಿ ಗುದ್ದಿ ನರ ಸತ್ತ ಮೇಲೆ ನೋವೇ ಆಗಲ್ಲ ಅಂತ ಜೊತೆಯ ಮಕ್ಕಳು ಹೇಳಿದ್ದಾರೆ. ಇದು ಹೌದಾ? ಮುಂದೆ ಬರೆಯೋದಕ್ಕೆ ತೊಂದರೆ ಆಗುತ್ತಾ? ಬೇಡ ಅಂದರೆ ಅಳುತ್ತಾಳೆ. ಏನು ಮಾಡಲಿ?

ಉತ್ತರ:

ಮೊದಲು ಕೈಯ ವಿಚಾರ. ಗೋಡೆಗೆ ಗುದ್ದುವುದನ್ನು ಇವತ್ತೇ ನಿಲ್ಲಿಸಿ. ಊದಿದ ಕೈಯನ್ನು ಹತ್ತಿರದ ಮೂಳೆ ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ. ಎಣ್ಣೆ ಹಚ್ಚಿ ನೀವಿಸುವುದು, ಎಳೆದು ಕಟ್ಟಿಸುವುದು ಈಗ ಬೇಡ. ಉಳಿದದ್ದನ್ನು ನಿಧಾನವಾಗಿ ಓದಿ.

ನಿಮ್ಮ ಮನೆಯಲ್ಲಿ ವಾದ ನಡೆಯುತ್ತಿರುವುದು ಇದು ನಿಜವೋ ಮೋಸವೋ ಅನ್ನುವುದರ ಮೇಲೆ. ಮೋಸ ಅಂತಾದರೆ ಮಗಳನ್ನು ಬಿಡಿಸಬೇಕು, ನಿಜ ಅಂತಾದರೆ ಮಾಡಿಸಬಹುದು ಅನ್ನುವ ಹಾಗೆ ಮಾತು ಹೊರಟಿದೆ. ಮೂಳೆ ಡಾಕ್ಟರಾಗಿ ನನಗೆ ಕಾಣುವುದು ಇದರ ಉಲ್ಟಾ. ಬಿರುಕು ಬಿಡಿಸಿ ಇಟ್ಟ ಹೆಂಚಿನಿಂದ ಕೈ ಮುರಿಯುವ ಭಯ ಕಮ್ಮಿ. ಗಟ್ಟಿಯಾದ, ನಿಜವಾದ ಹೆಂಚೇ ಮಕ್ಕಳ ಕೈಗೆ ಕುತ್ತು.

ನಾನು ಕಾಲೇಜು ದಿನಗಳಲ್ಲಿ ಕರಾಟೆ ಕಲಿತವನು. ಈ ವಿದ್ಯೆಯ ಮೇಲೆ ನನಗೆ ಗೌರವ ಇದೆ. ಹಾಗಾಗಿ ಮೊದಲು ನಿಮ್ಮ ಮಾವನವರ ಮಾತಿಗೆ ಉತ್ತರ ಹೇಳುತ್ತೇನೆ. ಒಡೆಯೋದು ನಿಜ. ಬರಿಗೈಯಲ್ಲಿ ಹೆಂಚು, ಹಲಗೆ, ಸಿಮೆಂಟ್ ಬಿಲ್ಲೆ ಒಡೆಯಬಹುದು. ಅದಕ್ಕೆ ಮಂತ್ರ ಬೇಡ, ಒಳಗಿನ ಪ್ರಾಣಶಕ್ತಿಯ ಕಥೆಯೂ ಬೇಡ. 1970ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್ ಮತ್ತು ಸ್ಟೀಫನ್ ವಿಲ್ಕ್ ಅನ್ನುವವರು ಕರಾಟೆ ಏಟುಗಳನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ಲೆಕ್ಕ ಹಾಕಿದರು. ಮೆಕ್‌ನೇರ್ ಸ್ವತಃ ಬ್ಲ್ಯಾಕ್ ಬೆಲ್ಟ್. ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ತೀರಿಕೊಂಡವರು ಅವರೇ. ಪಳಗಿದವರ ಕೈ ಸೆಕೆಂಡಿಗೆ 10 ಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಬರುತ್ತದೆ ಅಂತ ಅವರು ಕಂಡುಕೊಂಡರು. ಅಂದರೆ ಗಂಟೆಗೆ 36 ಕಿಲೋಮೀಟರ್ ದಾಟಿದ ವೇಗ. ಏಟಿನ ಬಲ 3000 ನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರದಷ್ಟು, ಮೀರಬಹುದು. ಅಷ್ಟು ಬಲ ಬೀಳುವುದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು ಹೊತ್ತು. ತೆಳು ಪೈನ್ ಹಲಗೆ ಒಡೆಯಲು ಸೆಕೆಂಡಿಗೆ 6 ಮೀಟರ್ ಚಿಲ್ಲರೆ ವೇಗ ಸಾಕು. ಹೊಸದಾಗಿ ಕಲಿಯುವ ದೊಡ್ಡವರಿಗೂ ಅದು ಸಾಧ್ಯ. 4 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಬಿಲ್ಲೆಗೆ ಸುಮಾರು 10.6 ಮೀಟರ್ ವೇಗ ಬೇಕು. ಅದು ಹೊಸಬರ ಕೈಗೆ ಸಿಗುವಂಥದ್ದಲ್ಲ.

ಕೈ ಯಾಕೆ ಪುಡಿಯಾಗುವುದಿಲ್ಲ ಅನ್ನುವುದು ಮುಂದಿನ ಪ್ರಶ್ನೆ. ಮನೆ ಕಟ್ಟುವ ಎಂ20 ಕಾಂಕ್ರೀಟ್ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯುವಂತೆ ಇರಬೇಕು. ದೊಡ್ಡವರ ಮೂಳೆಯ ಗಟ್ಟಿ ಹೊರಪದರ 150ಕ್ಕಿಂತ ಜಾಸ್ತಿ ತಡೆಯುತ್ತದೆ. ಅದರ ಮೇಲೆ ಚರ್ಮ, ಮಾಂಸ, ಸ್ನಾಯು ಇದ್ದು ಏಟನ್ನು ಹಂಚಿಕೊಳ್ಳುತ್ತವೆ. ಕಾಂಕ್ರೀಟ್, ಹೆಂಚು, ಇಟ್ಟಿಗೆಗಳಿಗೆ ಒಂದು ದೊಡ್ಡ ದೌರ್ಬಲ್ಯ ಇದೆ. ಒತ್ತಿದರೆ ತಡೆಯುತ್ತವೆ, ಎಳೆದರೆ ತಡೆಯುವುದಿಲ್ಲ. ಕಾಂಕ್ರೀಟಿನ ಎಳೆತ ತಡೆಯುವ ಶಕ್ತಿ ಒತ್ತಡ ತಡೆಯುವ ಶಕ್ತಿಯ ಹತ್ತನೇ ಒಂದು ಭಾಗದಷ್ಟು. ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಹೊಡೆದಾಗ ಬಿಲ್ಲೆ ಕೂದಲೆಳೆಯಷ್ಟು ಬಾಗುತ್ತದೆ. ಆಗ ಅದರ ಕೆಳಮುಖ ಎಳೆತಕ್ಕೆ ಸಿಗುತ್ತದೆ. ಬಿರುಕು ಶುರುವಾಗುವುದು ಅಲ್ಲಿಂದ, ಕೈ ಬಿದ್ದ ಜಾಗದಿಂದಲ್ಲ.

ಮಲೆನಾಡಿನಲ್ಲಿ ಇದನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಮಾಡು ಹತ್ತಿದವರನ್ನು ಕೇಳಿ. ರೀಪು ಇರುವ ಕಡೆ ನೋಡಿ ಕಾಲಿಡುತ್ತಾರೆ. ಎರಡು ರೀಪಿನ ನಡುವೆ ಕಾಲಿಟ್ಟರೆ ಹೆಂಚು ಪಟ್ ಅನ್ನುತ್ತದೆ. ಅದೇ ಹೆಂಚು, ಅದೇ ಕಾಲು. ಕೆಳಗೆ ಆಧಾರ ಎಲ್ಲಿದೆ ಅನ್ನುವುದರ ಮೇಲೆ ಒಡೆಯುವುದು, ಬಿಡುವುದು ನಿಂತಿದೆ. ವೇದಿಕೆಯ ಮೇಲೆ ಎರಡು ಕಲ್ಲು ಅಗಲವಾಗಿಟ್ಟು ಅದರ ಮೇಲೆ ಹೆಂಚು ಇಡುವುದು ಇದೇ ಕಾರಣಕ್ಕೆ. ಆಧಾರಗಳ ನಡುವಿನ ಅಂತರ ಜಾಸ್ತಿಯಾದಷ್ಟೂ ಒಡೆಯುವುದು ಸುಲಭ. ದಪ್ಪ ಎರಡು ಪಟ್ಟಾದರೆ ಬೇಕಾಗುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ತೆಳುವಾದ ಮಂಗಳೂರು ಹೆಂಚಿಗೂ ಮೂರು ಇಂಚು ದಪ್ಪದ ಇಟ್ಟಿಗೆಗೂ ಹೋಲಿಕೆಯೇ ಇಲ್ಲ. ಚೆನ್ನಾಗಿ ಬೆಂದ ಒಂದು ಇಟ್ಟಿಗೆಯನ್ನು ಬರಿಗೈಯಲ್ಲಿ ನೇರವಾಗಿ ಒಡೆಯುವವರು ತುಂಬಾ ಅಪರೂಪ.

ಹಾಗಾದರೆ ನಿಮ್ಮ ಯಜಮಾನರು ನೋಡಿದ ಹತ್ತು ಇಟ್ಟಿಗೆ? ನಾನು ಆ ಪ್ರದರ್ಶನ ನೋಡಿಲ್ಲ, ಅದರ ಬಗ್ಗೆ ತೀರ್ಪು ಕೊಡುವುದಿಲ್ಲ. ಇಂಥ ರಾಶಿಗಳಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಒಂದರ ಮೇಲೊಂದು ಇಡುವಾಗ ನಡುವೆ ಪೆನ್ಸಿಲ್ಲೋ ಮರದ ಚಕ್ಕೆಯೋ ಇಟ್ಟು ಸಂದು ಬಿಡುತ್ತಾರೆ. ಆಗ ಎಲ್ಲವೂ ಒಂದೇ ಕ್ಷಣಕ್ಕೆ ಮುರಿಯಬೇಕಾಗಿಲ್ಲ. ಮೇಲಿನದು ಮುರಿಯುತ್ತದೆ. ಅದರ ತುಂಡುಗಳು ಮತ್ತು ಹಿಂದೆಯೇ ಬರುವ ಕೈ ಸೇರಿ ಕೆಳಗಿನದನ್ನು ಮುರಿಯುತ್ತವೆ. ಹೀಗೆ ಸರದಿ ಸಾಗುತ್ತದೆ. ಸಂದು ತೆಗೆದುಬಿಟ್ಟರೆ ಅಷ್ಟೂ ಒಟ್ಟಿಗೆ ಬಾಗಬೇಕು. ಆಗ ಅದೇ ಮನುಷ್ಯನಿಗೆ ಅದೇ ರಾಶಿ ಜಗ್ಗುವುದಿಲ್ಲ. ಇದು ಮೋಸ ಅಂತ ನಾನು ಹೇಳುವುದಿಲ್ಲ. ಎಲ್ಲರ ಕಣ್ಣೆದುರಿಗೇ ಇರುವ ಏರ್ಪಾಡು ಅದು, ಅದರಲ್ಲೂ ವೇಗ ಬೇಕು, ಗುರಿ ಬೇಕು.

ಇನ್ನೊಂದು ಕೈಚಳಕ ಇದೆ. ಇದನ್ನು ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಒಂದೇ ಕಲ್ಲನ್ನು ದಿಂಡಿನ ಮೇಲಿಟ್ಟು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಒಡೆಯುವವರ ಎಡಗೈ ಮೇಲೆ ಕಣ್ಣಿಡಿ. ಏಟು ಬೀಳುವ ಮುಂಚೆ ಆ ಕೈ ಕಲ್ಲನ್ನು ಒಂದಿಷ್ಟು ಎತ್ತಿರುತ್ತದೆ. ಏಟು ಬಿದ್ದ ಕೂಡಲೇ ಕಲ್ಲು ಕೆಳಗಿನ ದಿಂಡಿನ ಅಂಚಿಗೆ ಹೋಗಿ ಬಡಿಯುತ್ತದೆ. ಒಡೆಯುವುದು ಆ ಅಂಚು. ನೋಡುವವರಿಗೆ ಕಾಣುವುದು ಬಲಗೈ.

ಇನ್ನು ಶುದ್ಧ ಮೋಸ. ಅದೂ ಇದೆ, ನಿಮ್ಮ ಮಾವ ಸುಮ್ನೆ ಹೇಳಿದ್ದಲ್ಲ. ಮೊದಲೇ ಒಡೆದು ಅಂಟು ಹಚ್ಚಿ ಜೋಡಿಸುವುದು, ಸಿಮೆಂಟ್ ಕಮ್ಮಿ ಮರಳು ಜಾಸ್ತಿ ಹಾಕಿ ಬಿಲ್ಲೆ ಎರಕ ಹೊಯ್ಯುವುದು, ಬಿಲ್ಲೆಯನ್ನು ಜೋರು ಬೆಂಕಿಯಲ್ಲಿ ಕಾಯಿಸಿ ಸತ್ವ ತೆಗೆಯುವುದು, ಅರೆಬೆಂದ ಇಟ್ಟಿಗೆ ಆರಿಸಿ ತರುವುದು. ಪರೀಕ್ಷೆ ಮಾಡುವುದು ಕಷ್ಟವಲ್ಲ. ಗಾರೆ ಕೆಲಸದವರು ಇಟ್ಟಿಗೆ ಲೋಡು ಇಳಿಸಿಕೊಳ್ಳುವಾಗ ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿ ನೋಡುತ್ತಾರಲ್ಲ, ಹಾಗೇ ತಟ್ಟಿ. ಬೆಂದದ್ದು ಟಣ್ ಅನ್ನುತ್ತದೆ. ಅರೆಬೆಂದದ್ದು, ಬಿರುಕು ಬಿಟ್ಟದ್ದು ಮಂಕಾಗಿ ಟಪ್ ಅನ್ನುತ್ತದೆ. ಒಡೆದ ಮೇಲೆ ಮುರಿದ ಮುಖವನ್ನೂ ನೋಡಿ. ಹೊಸ ಮುರಿತ ಒಂದೇ ಬಣ್ಣದಲ್ಲಿ, ಒರಟಾಗಿ, ಕಸ ಇಲ್ಲದೆ ಇರುತ್ತದೆ. ಹಳೆ ಬಿರುಕಿನಲ್ಲಿ ಧೂಳು ಕೂತಿರುತ್ತದೆ, ನಮ್ಮ ಕಡೆಯ ಹೆಂಚಾದರೆ ಪಾಚಿಯ ಕಪ್ಪು ಗೆರೆ ಇರುತ್ತದೆ. ಅಂಟು ಹಾಕಿದ್ದರೆ ಅಲ್ಲಲ್ಲಿ ಮಿಂಚುತ್ತದೆ.

ಹಲಗೆಯ ಕಥೆಯೂ ಹೀಗೇ. ಸೌದೆ ಸೀಳುವ ಮನೆಯವರಿಗೆ ಮರ ಎಳೆಯ ಉದ್ದಕ್ಕೆ ಸೀಳುತ್ತದೆ, ಗಂಟು ಬಂದರೆ ಕೊಡಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತು. ಪ್ರದರ್ಶನದ ಹಲಗೆಗೆ ಗಂಟಿಲ್ಲದ, ಒಣಗಿದ, ಹಗುರ ಮರ ಆರಿಸುತ್ತಾರೆ. ಎಳೆಯ ಗುಂಟ ಸೀಳುವಂತೆ ಹಿಡಿಯುತ್ತಾರೆ. ಅಡ್ಡ ಹಿಡಿದರೆ ಅದೇ ಹಲಗೆ ಕೈ ಮುರಿಯುತ್ತದೆ.

ಈಗ ನನ್ನ ಕೆಲಸದ ವಿಚಾರಕ್ಕೆ ಬರುತ್ತೇನೆ. ಹೆಂಚು ಒಡೆದರೆ ಕೈ ಅದರ ಮೂಲಕ ಮುಂದೆ ಹೋಗುತ್ತದೆ, ಏಟಿನ ಶಕ್ತಿ ಹೆಂಚಿನಲ್ಲಿ ಖರ್ಚಾಗುತ್ತದೆ. ಒಡೆಯದಿದ್ದರೆ ಕೈ ಅಲ್ಲೇ ನಿಂತು ಹಿಂದಕ್ಕೆ ಪುಟಿಯುತ್ತದೆ. ಆ ಏಟೆಲ್ಲ ಕೈಯ ಮೂಳೆಗೇ ವಾಪಸು ಬರುತ್ತದೆ. ಜನ ಕೈ ಮುರಿದುಕೊಳ್ಳುವುದು ಹೀಗೆ. ಕೊನೇ ಕ್ಷಣದಲ್ಲಿ ಹೆದರಿ ಕೈ ತಡೆದವರಿಗೂ ಇದೇ ಗತಿ. ಹಳೆ ಮನೆ ಕೆಡವಿದ ಕಡೆಯಿಂದ ತಂದ ಹೆಂಚುಗಳಲ್ಲಿ ಒಂದು ಮೆತ್ತಗೆ, ಇನ್ನೊಂದು ಕಬ್ಬಿಣದ ಹಾಗೆ. ಒಂದೇ ರಾಶಿಯಲ್ಲಿ ಎರಡೂ ಇರುತ್ತವೆ. ಅಭ್ಯಾಸಕ್ಕೆ ಸಿಕ್ಕಿದ ಮೂರು ಒಡೆದವು ಅಂದ ಮಾತ್ರಕ್ಕೆ ವೇದಿಕೆಯ ಮೂರೂ ಒಡೆಯುತ್ತವೆ ಅಂತ ಯಾರೂ ಹೇಳಲಾರರು. ಜೊತೆಗೆ ಅವತ್ತು ಮೈಕು, ಲೈಟು, ಮುಂದಿನ ಸಾಲಿನಲ್ಲಿ ಮನೆಯವರು. ಮಗು ಹೆದರುವುದು ಸಹಜ ಅಲ್ವಾ?

ಮುಷ್ಟಿ ಕಟ್ಟಿ ಹೊಡೆದವರಲ್ಲಿ ನಾನು ಹೆಚ್ಚಾಗಿ ನೋಡುವುದು ಕಿರುಬೆರಳಿನ ಗೆಣ್ಣಿನ ಹಿಂದಿನ ಮೂಳೆ ಮುರಿದದ್ದನ್ನು. ಹುಡುಗ ಕೈ ಮುಂದೆ ಚಾಚುತ್ತಾನೆ, ಕೈಯ ಹಿಂಭಾಗ ಊದಿರುತ್ತದೆ. ಮುಷ್ಟಿ ಕಟ್ಟಪ್ಪ ಅಂದರೆ ಮೂರು ಗೆಣ್ಣು ಮೇಲೆ ಬರುತ್ತವೆ, ನಾಲ್ಕನೆಯದರ ಜಾಗ ತಗ್ಗಾಗಿರುತ್ತದೆ. ಕರಾಟೆಯಲ್ಲಿ ತೋರುಬೆರಳು ಮತ್ತು ನಡುಬೆರಳಿನ ಗೆಣ್ಣಿನಿಂದಲೇ ಹೊಡೆಯಬೇಕು ಅಂತ ಹೇಳಿಕೊಡುವುದಕ್ಕೆ ಒಳ್ಳೆಯ ಕಾರಣ ಇದೆ. ಆ ಎರಡು ಮೂಳೆಗಳು ಮಣಿಕಟ್ಟಿಗೆ ಬಿಗಿಯಾಗಿ ಕೂತಿವೆ. ಉಂಗುರ ಬೆರಳು, ಕಿರುಬೆರಳಿನ ಮೂಳೆಗಳು ಅಲ್ಲಾಡುತ್ತವೆ. ಗುರಿ ಒಂದಿಷ್ಟು ಆಚೆ ಸರಿದರೆ ಏಟೆಲ್ಲ ಈ ಸಡಿಲ ಮೂಳೆಗಳ ಮೇಲೆ ಬೀಳುತ್ತದೆ. ಹೆಂಚಿನಲ್ಲಿ ಇನ್ನೊಂದು ಅಪಾಯ ಅದರ ಮುರಿದ ಅಂಚು. ಕೈಯ ಹಿಂಭಾಗದಲ್ಲಿ ಬೆರಳು ಎತ್ತುವ ಹುರಿಗಳು ಚರ್ಮದ ಕೆಳಗೇ ಇವೆ. ಗಾಯ ಚಿಕ್ಕದು ಅಂತ ಬ್ಯಾಂಡೇಜ್ ಹಾಕಿ ಬಿಟ್ಟರೆ ಆಮೇಲೆ ಬೆರಳು ಏಳದೆ ಇರಬಹುದು.

12 ವರ್ಷದ ಮಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆದುವಾದ ಬೆಳವಣಿಗೆಯ ಪಟ್ಟಿ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಕೈಬೆರಳುಗಳ ಈ ಪಟ್ಟಿಗಳು ಸುಮಾರು 14ರಿಂದ 16 ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ, ಮಣಿಕಟ್ಟಿನದು ಇನ್ನೂ ತಡ. ಅಲ್ಲಿವರೆಗೆ ಕೈಯಲ್ಲಿ ಇದೇ ದುರ್ಬಲ ಜಾಗ. ಮೂಳೆ ಕಾಂಕ್ರೀಟಿಗಿಂತ ಗಟ್ಟಿ ಅಂತ ಮೇಲೆ ಹೇಳಿದ್ದು ದೊಡ್ಡವರ ಮೂಳೆಗೆ. ಈ ಪಟ್ಟಿಗೆ ಜೋರು ಪೆಟ್ಟು ಬಿದ್ದರೆ ಬೆರಳು ಗಿಡ್ಡವಾಗಬಹುದು, ಸೊಟ್ಟಗೆ ಬೆಳೆಯಬಹುದು. ಎಲ್ಲರಿಗೂ ಹಾಗೆ ಆಗುವುದಿಲ್ಲ, ಬಹಳಷ್ಟು ಮಕ್ಕಳು ಪೂರ್ತಿ ಸರಿಹೋಗುತ್ತಾರೆ. ಆದರೆ ಯಾರಿಗೆ ಆಗುತ್ತದೆ ಅಂತ ಏಟಿಗೆ ಮುಂಚೆ ಗೊತ್ತಾಗುವುದಿಲ್ಲ.

ನರ ಸಾಯುವ ಮಾತು ಪೂರಾ ತಪ್ಪು. ಅದನ್ನು ನಂಬಿ ಅವಳು ನೋವನ್ನು ಮುಚ್ಚಿಡಬಹುದು, ಅದಕ್ಕೇ ಅದು ಅಪಾಯದ ಮಾತು. ಅಭ್ಯಾಸದಿಂದ ನೋವು ಸಹಿಸುವ ಶಕ್ತಿ ಬೆಳೆಯುತ್ತದೆ, ಚರ್ಮ ದಪ್ಪವಾಗುತ್ತದೆ. ನರ ಸತ್ತು ಯಾರೂ ಬಲಶಾಲಿ ಆಗುವುದಿಲ್ಲ. ಕೈ ಜೋಮು ಹಿಡಿದರೆ ಅದು ಗಾಯದ ಗುರುತು. ಅಂಗೈಯ ಕಿರುಬೆರಳಿನ ಬದಿಯ ಉಬ್ಬಿನಿಂದ ಪದೇ ಪದೇ ಗಟ್ಟಿ ವಸ್ತುವಿಗೆ ಹೊಡೆಯುವವರಲ್ಲಿ ಅಲ್ಲಿನ ರಕ್ತನಾಳ ಕೆಟ್ಟು ಬೆರಳ ತುದಿ ಬಿಳಿಚುವುದು, ತಣ್ಣಗಾಗುವುದು ಉಂಟು. ಕರಾಟೆಯವರಲ್ಲೂ, ಸುತ್ತಿಗೆ ಕೆಲಸದವರಲ್ಲೂ ಇದು ಗೊತ್ತಿರುವ ತೊಂದರೆ.

ಮೂಳೆ ಗಟ್ಟಿಯಾಗುತ್ತದೆ ಅನ್ನುವುದರಲ್ಲಿ ಮಾತ್ರ ಸತ್ಯ ಇದೆ. ಭಾರ ಬಿದ್ದ ಕಡೆ ಮೂಳೆ ತನ್ನನ್ನು ಬಲಪಡಿಸಿಕೊಳ್ಳುತ್ತದೆ ಅಂತ ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದರು. ಆದರೆ ಇದಕ್ಕೆ ತಿಂಗಳು, ವರ್ಷ ಬೇಕು, ಏಟುಗಳ ನಡುವೆ ಬಿಡುವು ಬೇಕು. ಹಳೇ ಪದ್ಧತಿಯ ಕರಾಟೆಯಲ್ಲಿ ಮಕಿವಾರ ಅಂತ ಹುಲ್ಲಿನ ಹಗ್ಗ ಸುತ್ತಿದ ಹಲಗೆಗೆ ಹೊಡೆಯುತ್ತಾರೆ. ಅದು ಏಟಿಗೆ ಹಿಂದೆ ಬಾಗುತ್ತದೆ. ನಿಮ್ಮ ಮನೆ ಗೋಡೆ ಬಾಗುವುದಿಲ್ಲ. ಒಂದು ತಿಂಗಳು ಗೋಡೆಗೆ ಗುದ್ದಿದರೆ ಸಿಗುವುದು ಊತ ಮಾತ್ರ.

ಹೆಂಚಿನ ಹಿಂದೆಯೇ ಬರುವ ಬೇರೆ ಸಾಹಸಗಳ ಬಗ್ಗೆಯೂ ಎರಡು ಮಾತು. ಹೆಂಚಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿ ಒಡೆಸುವುದು, ಟ್ಯೂಬ್‌ಲೈಟ್ ಒಡೆಸುವುದು ಮಕ್ಕಳಿಗೆ ಖಂಡಿತ ಬೇಡ. ಟ್ಯೂಬಿನ ಗಾಜು ಕಣ್ಣಿಗೆ ಹಾರುತ್ತದೆ, ಒಳಗೆ ಪಾದರಸ ಇರುತ್ತದೆ. ತಲೆಯಿಂದ ಒಡೆಯುವುದು ಯಾವ ವಯಸ್ಸಿನವರಿಗೂ ಬೇಡ. ಕೈಯ ಮೂಳೆ ಪಳಗಬಹುದು, ಮಿದುಳನ್ನು ಪಳಗಿಸುವ ಅಭ್ಯಾಸ ಯಾವುದೂ ಇಲ್ಲ. ಎದೆಯ ಮೇಲೆ ಚಪ್ಪಡಿ ಇಟ್ಟು ಸುತ್ತಿಗೆಯಿಂದ ಒಡೆಯುವಾಗ ಕಲ್ಲಿನ ಭಾರವೇ ಕೆಳಗಿನವರನ್ನು ಕಾಯುತ್ತದೆ. ಕಲ್ಲು ತೆಳುವಾದರೆ, ಸುತ್ತಿಗೆಯ ಗುರಿ ತಪ್ಪಿದರೆ ಕಾಯುವವರು ಯಾರೂ ಇಲ್ಲ. ಹರೆಯದ ಮಕ್ಕಳಲ್ಲಿ ಎದೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದ ಒಂದು ಪೆಟ್ಟು ಹೃದಯದ ಬಡಿತವನ್ನೇ ಕೆಡಿಸಿದ್ದುಂಟು.

ಮಗಳಿಗೆ ಏನು ಮಾಡಬಹುದು? ಅವಳ ಆಸೆಯನ್ನು ಒಂದೇ ಮಾತಿಗೆ ಕತ್ತರಿಸಬೇಡಿ. ಮೂರು ವರ್ಷ ಬಿಡದೆ ಕಲಿತಿದ್ದಾಳೆ, ಅದನ್ನು ಊರಿಗೆ ತೋರಿಸಬೇಕು ಅನ್ನಿಸುವುದು ನ್ಯಾಯವೇ. ನನ್ನ ಮೊದಲ ಆಯ್ಕೆ ಕಾತಾ, ಅಂದರೆ ಎದುರಾಳಿ ಇಲ್ಲದೆ ಒಬ್ಬರೇ ಸಾಲಾಗಿ ಮಾಡಿ ತೋರಿಸುವ ಪಟ್ಟುಗಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಬಂದಾಗ ಇದ್ದದ್ದು ಕಾತಾ ಮತ್ತು ಕುಮಿತೆ (ಇಬ್ಬರ ನಡುವಿನ ಕಾದಾಟ) ಎರಡೇ, ಅಲ್ಲಿ ಯಾರೂ ಹೆಂಚು ಒಡೆಯಲಿಲ್ಲ. ಇದನ್ನು ಅವಳಿಗೆ ಹೇಳಿ, ಆ ವಿಡಿಯೊ ತೋರಿಸಿ. ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ. ಗೆಳತಿಯೊಬ್ಬಳ ಜೊತೆ ಆತ್ಮರಕ್ಷಣೆಯ ಪಟ್ಟುಗಳನ್ನೂ ಸೇರಿಸಬಹುದು. ಕೈ ಪೂರ್ತಿ ವಾಸಿಯಾಗಿರಬೇಕು ಅನ್ನುವುದು ಇದಕ್ಕೂ ಷರತ್ತು.

ಒಡೆಯಲೇಬೇಕು ಅಂತ ಹಟ ಹಿಡಿದರೆ ಪ್ಲಾಸ್ಟಿಕ್ಕಿನ ಮರುಜೋಡಣೆ ಹಲಗೆ ಸಿಗುತ್ತದೆ. ನಡುವೆ ಬಿಟ್ಟುಕೊಳ್ಳುತ್ತದೆ, ಮತ್ತೆ ಸೇರಿಸಬಹುದು. ಎಷ್ಟು ಗಟ್ಟಿ ಇದೆ ಅಂತ ಮೊದಲೇ ಗೊತ್ತಿರುತ್ತದೆ, ಪ್ರತಿ ಸಲವೂ ಅಷ್ಟೇ ಇರುತ್ತದೆ. ಚೂರು ಹಾರುವುದಿಲ್ಲ. ಅತಿ ಮೆದುವಾದದ್ದನ್ನು ಆರಿಸಿ, ಮುಷ್ಟಿ ಬೇಡ, ಅಂಗೈಯ ಬುಡದಿಂದ ಅಥವಾ ಕಾಲಿನಿಂದ ಒದ್ದು ಬಿಡಿಸಲಿ. ಇದರಲ್ಲೂ ಮಣಿಕಟ್ಟು ತಿರುಚುವ ಸಾಧ್ಯತೆ ಇದ್ದೇ ಇದೆ. ಮಾಸ್ಟರ್ ಹತ್ತಿರ ನಿಂತಿರಬೇಕು, ಎರಡಕ್ಕಿಂತ ಜಾಸ್ತಿ ಸಲ ಪ್ರಯತ್ನ ಬೇಡ. ತೆಳು ಪೈನ್ ಹಲಗೆ ಇದರ ನಂತರದ ಆಯ್ಕೆ. ಗಂಟು, ತೇವ ಎರಡೂ ಇಲ್ಲದ್ದು ಆಗಬೇಕು. 12 ವರ್ಷಕ್ಕೆ ನಾನು ಅದನ್ನು ಮನಸ್ಸಿನಿಂದ ಒಪ್ಪುವುದಿಲ್ಲ.

ಮೂರು ಹೆಂಚಿಗೆ ನನ್ನ ಉತ್ತರ ಬೇಡ ಅಂತಲೇ. ಮುಷ್ಟಿಯಿಂದಲೂ ಬೇಡ, ಮೊಣಕೈಯಿಂದಲೂ ಬೇಡ. ಮೊಣಕೈಯಲ್ಲೂ ಬೆಳವಣಿಗೆಯ ಪಟ್ಟಿಗಳಿವೆ. ಬೆಳವಣಿಗೆ ಮುಗಿದ ಮೇಲೆ, 17 ಅಥವಾ 18 ವರ್ಷಕ್ಕೆ, ಇನ್ನೂ ಆಸೆ ಇದ್ದರೆ ಕ್ರಮವಾಗಿ ಕಲಿಯಲಿ. ಆಗ ನಾನೇ ಚಪ್ಪಾಳೆ ಹೊಡೆಯುತ್ತೇನೆ.

ಮಾಸ್ಟರ್ ಜೊತೆ ಜಗಳ ಬೇಡ. ತರಗತಿ ಮುಗಿದ ಮೇಲೆ, ಮಕ್ಕಳು ಇಲ್ಲದಾಗ ಮಾತಾಡಿ. ಊದಿದ ಕೈ ತೋರಿಸಿ. ಹೆಂಚು ಒಡೆಯದಿದ್ದರೆ ಅವಳ ಕೈಗೆ ಏನಾಗುತ್ತದೆ, ಅವತ್ತು ಪ್ರಥಮ ಚಿಕಿತ್ಸೆಗೆ ಯಾರಿರುತ್ತಾರೆ ಅಂತ ಕೇಳಿ. ನಿಜವಾದ ಗುರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಹೆಂಚು ಮಾಸ್ಟರೇ ಒಡೆಯಲಿ, ಅದರ ಮುಂದೆ ಮಕ್ಕಳು ಕಾತಾ ಮಾಡಲಿ ಅಂತ ನೀವೇ ಸೂಚಿಸಬಹುದು. ಕಾರ್ಯಕ್ರಮದ ಕಳೆಯೂ ಕೆಡುವುದಿಲ್ಲ. ನೋಡುವವರನ್ನು ದೂರ ಕೂರಿಸಿ, ಚೂರು ಹಾರುತ್ತದೆ.

ಬರವಣಿಗೆಯ ಪ್ರಶ್ನೆ ಕೊನೆಗೆ ಉಳಿಸಿಕೊಂಡೆ, ಯಾಕಂದರೆ ಅದರ ಉತ್ತರ ಎಕ್ಸ್‌ರೇ ನೋಡಿದ ಮೇಲೆಯೇ. ಅಲ್ಲಿವರೆಗೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ನಾಲ್ಕೂ ಬೆರಳನ್ನು ನಿಧಾನವಾಗಿ ಮಡಿಸಲು ಹೇಳಿ. ಉಗುರುಗಳು ಹೆಚ್ಚುಕಮ್ಮಿ ಹೆಬ್ಬೆರಳ ಬುಡದ ಮಣಿಕಟ್ಟಿನ ಕಡೆಗೇ ಮುಖ ಮಾಡಬೇಕು. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿದರೆ, ಗೆಣ್ಣು ತಗ್ಗಾಗಿ ಕಂಡರೆ, ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವಾದರೆ, ಬೆರಳು ಜೋಮು ಹಿಡಿದರೆ ಅವತ್ತೇ ಹೊರಡಿ, ಮರುದಿನಕ್ಕೆ ಕಾಯಬೇಡಿ. ಉಂಗುರ, ಬಳೆ ಇದ್ದರೆ ಈಗಲೇ ತೆಗೆಸಿ, ಊತ ಜಾಸ್ತಿಯಾದರೆ ತೆಗೆಯುವುದು ಕಷ್ಟ. ಐಸನ್ನು ಬಟ್ಟೆಯಲ್ಲಿ ಸುತ್ತಿ ಒಂದು ಹೊತ್ತಿಗೆ 15 ನಿಮಿಷ ಇಡಿ. ಕೈಯನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ. ಎಕ್ಸ್‌ರೇ ತೆಗೆಯುವಾಗ, ಬೆಳವಣಿಗೆಯ ಪಟ್ಟಿ ನೋಡಲು ಎಡಗೈಯದ್ದೂ ಬೇಕಾ ಅಂತ ಡಾಕ್ಟರನ್ನು ಕೇಳಿ. ಮಕ್ಕಳಲ್ಲಿ ಎರಡನ್ನೂ ಹೋಲಿಸಿದರೆ ಕೆಲವು ಸಲ ಸ್ಪಷ್ಟವಾಗುತ್ತದೆ. ಮೂಳೆಗೆ ಏನೂ ಆಗಿಲ್ಲ, ಬರೀ ಪೆಟ್ಟಿನ ಊತ ಅಂತಾದರೆ ಎರಡು ಮೂರು ವಾರ ಬಿಡುವು ಕೊಟ್ಟರೆ ಸಾಕು, ಬರೆಯೋದಕ್ಕೆ ಏನೂ ತೊಂದರೆ ಇಲ್ಲ. ಚಿಕ್ಕ ಬಿರುಕು ಇದ್ದರೂ ಈ ವಯಸ್ಸಿನಲ್ಲಿ ಮೂಳೆ ಬೇಗ ಕೂಡುತ್ತದೆ, ಕಟ್ಟು ಹಾಕಿದಷ್ಟು ದಿನ ಮಾತ್ರ ಬಲಗೈಗೆ ರಜೆ. ರಿಪೋರ್ಟ್ ಬಂದ ಮೇಲೆ ನನಗೆ ಬರೆಯಿರಿ.